ಟೊರಾಂಟೊದಲ್ಲಿರುವ ಸಸ್ಯಾಹಾರಿ ನಾನು. ಅಸಲಿ ಕೊರಿಯನ್ ಹೋಟೆಲಿಗೆ ಹೋಗಲೇ, ಬೇರೆ ದೇಶದ ಅಡುಗೆಯೊಡನೆ ಬೆರೆಸಿ ಕೊಡುವ ಫ್ಯೂಷನ್ ಹೋಟೆಲಿಗೆ ಹೋಗಲೇ?

ನಿಮ್ಮ ಈ ಪ್ರಶ್ನೆಗೆ ನನ್ನ ಅನುಭವವೇ ಉತ್ತರ. ನಾನೂ ಇದೇ ಗೊಂದಲದಲ್ಲಿದ್ದ ಕಾಲದಲ್ಲಿ, ಊರಿನಿಂದ ಬಂದಿದ್ದ ಅತ್ತೆಯವರನ್ನೂ ಕರೆದುಕೊಂಡು ನಾನು ಬ್ಲೂರ್ ಬೀದಿಯಲ್ಲಿ ಕ್ರಿಸ್ಟಿ ಮತ್ತು ಬಾಥರ್ಸ್ಟ್ ನಿಲ್ದಾಣಗಳ ನಡುವೆ ಇರುವ ಕೊರಿಯಾಟೌನಿನ ಒಂದು ಹೋಟೆಲಿಗೆ ಹೋಗಿದ್ದೆ. ತೋಫುವಿನದು, ಅಂದರೆ ಸೋಯಾ ಹಾಲಿನ ಪನೀರಿನದು, ಎಂಬ ಒಂದೇ ಭರವಸೆಯಿಂದ ಸುಂದುಬು ಜಿಗೆ ಎಂಬ ಸಾರು ತರಲು ಹೇಳಿ, ಮೊಟ್ಟೆ ಬೇಡವೆಂದೆ. ಮಾಂಸವಿದೆಯೇ ಎಂದು ಕೇಳಿದ್ದಕ್ಕೆ ಬಡಿಸುತ್ತಿದ್ದ ಹುಡುಗಿ ಇಲ್ಲವೆಂದಳು, ಅವಳು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಕುದಿಯುತ್ತಲೇ ಬಂದ ಆ ಕೆಂಪು ಸಾರನ್ನು ಅತ್ತೆಯವರು ಅನ್ನಕ್ಕೆ ಹಾಕಿಕೊಂಡು ಸಂತೋಷವಾಗಿ ಉಂಡರು. ಇಷ್ಟು ರುಚಿ ಹೇಗೆ ಬಂತೆಂದು ನಾನು ಮೆಚ್ಚಿಕೊಂಡು ಕೇಳಿದಾಗ, ಒಣಮೀನಿನ ನೀರಿನಿಂದ ಎಂದು ಅವಳು ಅಷ್ಟೇ ಸಂತೋಷದಿಂದ ಹೇಳಿಬಿಟ್ಟಳು. ಊರಿಗೆ ಮರಳುವವರೆಗೂ ಅತ್ತೆಯವರು ಹೊರಗೆ ಏನನ್ನೂ ಮುಟ್ಟಲಿಲ್ಲ.

ನಾನು ಕೇಳಬೇಕಾಗಿದ್ದುದು ಸಾರಿನ ನೀರಿನ ಬಗ್ಗೆ. ಒಣಗಿಸಿದ ಸಣ್ಣ ಮೀನು ಮತ್ತು ಕಡಲಪಾಚಿಯನ್ನು ಕುದಿಸಿ ಸೋಸಿದ ನೀರೇ ಎಷ್ಟೋ ಕೊರಿಯನ್ ಸಾರುಗಳಿಗೆ ಆಧಾರ. ಮೀನನ್ನು ತೆಗೆದೆಸೆದ ಮೇಲೆ, ನಮ್ಮ ಸಾರಿನ ಬೇಳೆಕಟ್ಟಿನ ಹಾಗೆ, ಅದನ್ನು ಯಾರೂ ಬೇರೆಯಾಗಿ ಹೆಸರಿಸುವುದಿಲ್ಲ. ಕೇಳದೆಯೇ ಬರುವ ಬಂಚಾನ್ ಎಂಬ ನಂಚಿಕೆಯ ತಟ್ಟೆಗಳಲ್ಲಿ ಸಾಮಾನ್ಯವಾಗಿ ಇರುವ ಕಿಮ್ಚಿಗೂ, ಅಂದರೆ ಹುದುಗಿಸಿದ ತರಕಾರಿಗೂ, ಉಪ್ಪಿನಲ್ಲಿ ಹುದುಗಿಸಿದ ಸಿಗಡಿಯನ್ನೋ ಮೀನಿನ ರಸವನ್ನೋ ಹಾಕಿರುತ್ತಾರೆ.

ಹಾಗೆಂದು ಅಸಲಿ ಊಟ ಒಂದು ಕಡೆ, ಸಸ್ಯಾಹಾರ ಇನ್ನೊಂದು ಕಡೆ ಎಂಬ ನಿಮ್ಮ ವಿಂಗಡಣೆಯನ್ನು ನಾನು ಒಪ್ಪುವುದಿಲ್ಲ. ಕೊರಿಯಾದ ಬೌದ್ಧ ಮಠಗಳ ಅಡುಗೆಯಲ್ಲಿ ಮಾಂಸ, ಮೀನು ಮಾತ್ರವಲ್ಲದೆ ಈರುಳ್ಳಿ, ಬೆಳ್ಳುಳ್ಳಿಯೂ ನಿಷಿದ್ಧ, ನಮ್ಮ ಅತ್ತೆಯವರ ಮಡಿ ಅಡುಗೆಯ ಸಾಲಿನದೇ ಅದು. ಬೆಗ್ಯಾಂಗ್ಸಾ ಮಠದ ಸನ್ಯಾಸಿನಿ ಜಂಗ್ ಕ್ವಾನ್ ಅವರು ಮಾಡುವ ಅಂಥ ಅಡುಗೆ ಕೊರಿಯಾದ ಹೊರಗೂ ಹೆಸರುವಾಸಿಯಾಗಿದೆ. ಇದಕ್ಕಿಂತ ಅಸಲಿ ಯಾವುದು? ಫ್ಯೂಷನ್ ಹೋಟೆಲಿನಲ್ಲಿ ಚೀಸ್ ಸುರಿದ ಕೊರಿಯನ್ ಟಾಕೊ ತಿನ್ನುವುದಕ್ಕೆ ಹಣ ಕೊಡುವುದಾದರೆ ಮನೆಯಲ್ಲೇ ಚಿತ್ರಾನ್ನ ಕಲಸಿಕೊಳ್ಳುವುದು ವಾಸಿ.

ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಅಸಲಿ ಹೋಟೆಲಿಗೇ ಹೋಗಿ, ಸಾರಿನ ನೀರು ಯಾವುದರದು, ಕಿಮ್ಚಿಗೆ ಏನು ಹಾಕಿದ್ದಾರೆ ಎಂದು ಅಡುಗೆಮನೆಯವರಿಂದಲೇ ತಿಳಿದುಕೊಳ್ಳಿ. ಬೇಸಿಗೆಯಲ್ಲಿ ಕೊಂಗುಕ್ಸು ಸಿಕ್ಕರೆ ಬಿಡಬೇಡಿ: ಬೇಯಿಸಿ ರುಬ್ಬಿದ ಸೋಯಾ ಕಾಳಿನ ತಣ್ಣನೆಯ ಹಾಲಿನಲ್ಲಿ ಗೋಧಿ ಶಾವಿಗೆ ಹಾಕಿ ಕೊಡುತ್ತಾರೆ, ಅದಕ್ಕೆ ಮೀನಿನ ನೀರಿನ ಅಗತ್ಯವೇ ಇಲ್ಲ. ಉಳಿದ ಕಾಲದಲ್ಲಿ ಬಿಸಿ ಕಲ್ಲಿನ ಬಟ್ಟಲಿನಲ್ಲಿ ಅನ್ನದ ಮೇಲೆ ತರಕಾರಿ ಜೋಡಿಸಿ ಕೊಡುವ ಬಿಬಿಂಬಾಪ್ ಅನ್ನು ಮಾಂಸ, ಮೊಟ್ಟೆ ಇಲ್ಲದೆ ತರಿಸಿಕೊಳ್ಳಿ. ಜೊತೆಗೆ ಬರುವ ಗೊಚುಜಾಂಗ್ ಎಂಬ ಹುದುಗಿಸಿದ ಮೆಣಸಿನಕಾಯಿ ಗೊಜ್ಜಿಗೆ ದನದ ಮಾಂಸವನ್ನು ಹುರಿದು ಬೆರೆಸುವ ರೂಢಿಯೂ ಇರುವುದರಿಂದ ಅದನ್ನೂ ವಿಚಾರಿಸಿ. ಬಟ್ಟಲು ಬಂದೊಡನೆ ಕಲಸಲು ಹೋಗಬೇಡಿ, ಸ್ವಲ್ಪ ಹೊತ್ತು ಬಿಟ್ಟರೆ ತಳದ ಅನ್ನ ಗರಿಗರಿಯಾಗಿ ಸೀಕಲುಗಟ್ಟುತ್ತದೆ.