ಗುಜರಿಗೆ ಹಾಕುವ ಮುನ್ನ ಒಮ್ಮೆ ತಿರುಗಿಸಿ ನೋಡಿ

ಪ್ರಶ್ನೆ: ತಂದೆ ತಾಯಿ ಬಾಳಿದ ಮನೆಯನ್ನು ಇನ್ನು ಆರು ವಾರಗಳಲ್ಲಿ ಖಾಲಿ ಮಾಡಬೇಕಾಗಿದೆ. ನಾಲ್ಕು ಕೋಣೆಗಳ ತುಂಬ ಪಾತ್ರೆ, ಪುಸ್ತಕ, ಚಿತ್ರಪಟ, ಗಡಿಯಾರ, ಪೀಠೋಪಕರಣಗಳಿವೆ. ಎಲ್ಲವನ್ನೂ ಒಟ್ಟಿಗೆ ಒಯ್ಯುವವರಿಗೆ ಕೊಟ್ಟು ಕೈತೊಳೆದುಕೊಳ್ಳೋಣ ಎಂಬುದು ತಮ್ಮನ ವಾದ. ಬೆಲೆಬಾಳುವುದೇನಾದರೂ ಕೈತಪ್ಪಿ ಹೋದೀತು ಎಂಬುದು ನನ್ನ ಅಳುಕು. ಪರಿಶೀಲನೆಯನ್ನು ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ತಮ್ಮನ ವಾದದಲ್ಲಿ ಮುಕ್ಕಾಲು ಪಾಲು ಸತ್ಯವಿದೆ ಎಂಬುದನ್ನು ಮೊದಲು ಒಪ್ಪಿಕೊಂಡುಬಿಡಿ, ಕೆಲಸ ಹಗುರವಾಗುತ್ತದೆ. ಮನೆಯಲ್ಲಿ ಹೆಚ್ಚು ಜಾಗ ಹಿಡಿದಿರುವ ವಸ್ತುಗಳು, ಅಂದರೆ ಭಾರಿ ಕಪಾಟು, ಊಟದ ಮೇಜು, ವಿಶ್ವಕೋಶದ ಸಂಪುಟಗಳು, ‘ಸೀಮಿತ ಆವೃತ್ತಿ’ ಎಂದು ಮಾರಲಾದ ಅಲಂಕಾರದ ತಟ್ಟೆಗಳು, ಸಾಮಾನ್ಯವಾಗಿ ಸಾಗಣೆಯ ಖರ್ಚನ್ನೂ ಹುಟ್ಟಿಸುವುದಿಲ್ಲ. ಬೆಲೆಯಿರುವುದು ಹೆಚ್ಚಾಗಿ ಅಂಗೈಯಲ್ಲಿ ಹಿಡಿಸುವ ವಸ್ತುಗಳಿಗೆ. ಆದ್ದರಿಂದ ಕೋಣೆಗಳಿಂದ ಆರಂಭಿಸದೆ ಮೇಜಿನ ಸೆಳೆಖಾನೆ, ಗುಂಡಿ ಸೂಜಿಗಳ ಡಬ್ಬಿ, ಹಳೆಯ ಕೋಟಿನ ಜೇಬು, ಪುಸ್ತಕದ ಹಾಳೆಗಳ ನಡುವೆ ಇಟ್ಟ ಕಾಗದ, ಇಂಥ ಕಡೆಗಳಿಂದ ಆರಂಭಿಸಿ.

ಕೈಗೆ ಸಿಕ್ಕಿದ್ದನ್ನು ದಯವಿಟ್ಟು ಉಜ್ಜಬೇಡಿ. ಎಳೆಯ ವಯಸ್ಸಿನಲ್ಲಿ ನಾನು ಒಂದು ಹಳೆಯ ನಾಣ್ಯವನ್ನು ಪಾತ್ರೆ ತಿಕ್ಕುವ ಪುಡಿಯಿಂದ ಫಳಫಳ ಹೊಳೆಯಿಸಿ, ಅದನ್ನು ಹೆಮ್ಮೆಯಿಂದ ಒಬ್ಬ ಸಂಗ್ರಾಹಕರ ಮುಂದಿಟ್ಟಿದ್ದೆ. ಅವರು ಭೂತಗನ್ನಡಿ ಹಿಡಿದು ಮೇಲ್ಮೈ ತುಂಬ ಇದ್ದ ಕೂದಲೆಳೆಯಂಥ ಗೀರುಗಳನ್ನು ತೋರಿಸಿ, ಏನೂ ಮಾತನಾಡದೆ ಹಿಂದಿರುಗಿಸಿದರು. ನಾಣ್ಯದ ಮೇಲಿನ ಮಬ್ಬು, ಕಂಚಿನ ಮೇಲೆ ಸಮನಾಗಿ ಹರಡಿದ ಹಸಿರು ಛಾಯೆ, ಮರದ ಮೂಲ ಮೆರುಗೆಣ್ಣೆ ಇವೆಲ್ಲ ವಯಸ್ಸಿನ ಸಾಕ್ಷಿಗಳು, ಒಮ್ಮೆ ಹೋದರೆ ಮರಳಿ ಬರುವುದಿಲ್ಲ. ಹಳೆಯ ಲಕೋಟೆಯಿಂದ ಅಂಚೆಚೀಟಿಯನ್ನು ನೆನೆಸಿ ಬಿಡಿಸುವುದೂ ಇಂಥದೇ ತಪ್ಪು. ಎಷ್ಟೋ ಬಾರಿ ಚೀಟಿಗಿಂತ ಅಂಚೆಮುದ್ರೆ ಸಹಿತವಾದ ಇಡೀ ಲಕೋಟೆಯೇ ಹೆಚ್ಚು ಬೇಡಿಕೆಯದು.

ಅನಂತರ ಪ್ರತಿಯೊಂದನ್ನೂ ತಿರುಗಿಸಿ ನೋಡಿ. ಚಮಚದ ಹಿಡಿಯ ಹಿಂಬದಿಯಲ್ಲಿ 925 ಎಂದಿದ್ದರೆ ಅದರ ಲೋಹದಲ್ಲಿ ಶೇಕಡ 92.5ರಷ್ಟು ಬೆಳ್ಳಿಯಿದೆ ಎಂದರ್ಥ, ಇ.ಪಿ.ಎನ್.ಎಸ್. ಎಂದಿದ್ದರೆ ಅದು ನಿಕ್ಕಲ್ ಮಿಶ್ರಲೋಹದ ಮೇಲೆ ಬೆಳ್ಳಿಯ ತೆಳು ಲೇಪ ಮಾತ್ರ. ಜರ್ಮನ್ ಸಿಲ್ವರ್ ಎಂಬುದು ತಾಮ್ರ, ಸತು, ನಿಕ್ಕಲ್‌ಗಳ ಬೆರಕೆಯಾಗಿದ್ದು, ಹೆಸರಿನಲ್ಲಿ ಬಿಟ್ಟರೆ ಅದರಲ್ಲಿ ಎಲ್ಲಿಯೂ ಬೆಳ್ಳಿಯಿಲ್ಲ. ಚಿನ್ನದ ಮೇಲೆ 916, 750, 585 ಎಂಬ ಅಂಕಿಗಳು ಕ್ರಮವಾಗಿ 22, 18, 14 ಕ್ಯಾರಟ್‌ಗಳನ್ನು ಸೂಚಿಸುತ್ತವೆ. ಮುದ್ರೆಯನ್ನೂ ನಕಲು ಮಾಡಬಹುದಾದ್ದರಿಂದ ಸಂಶಯವಿದ್ದಲ್ಲಿ ಮನೆಯಲ್ಲೇ ಒಂದು ಪರೀಕ್ಷೆ ಸಾಧ್ಯ. ವಸ್ತುವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ. ಬಳಿಕ ತಕ್ಕಡಿಯ ಮೇಲೆ ನೀರಿನ ಪಾತ್ರೆಯಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ವಸ್ತುವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವ ಗ್ರಾಂಗಳೇ ಆ ವಸ್ತುವಿನ ಗಾತ್ರ, ಮಿಲಿಲೀಟರ್‌ಗಳಲ್ಲಿ. 210 ಗ್ರಾಂ ತೂಕದ ಗಟ್ಟಿ ವಸ್ತು ಬೆಳ್ಳಿಯದಾಗಿದ್ದರೆ ಅಂಕಿ 20ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಜರ್ಮನ್ ಸಿಲ್ವರ್ ಆಗಿದ್ದರೆ 24ರ ಹತ್ತಿರ. ಒಳಗೆ ಪೊಳ್ಳಿರುವ ಅಥವಾ ರಾಳ ತುಂಬಿದ ಚಾಕುವಿನ ಹಿಡಿ, ದೀಪದ ಕಂಬಗಳಿಗೆ ಈ ಲೆಕ್ಕ ಸಲ್ಲದು. ಹರಳು ಅಂಟಿಸಿದವನ್ನಂತೂ ನೀರಿಗಿಳಿಸಲೇಬೇಡಿ.

ಚಿತ್ರಪಟಗಳಿಗೆ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಪುಟ್ಟ ಮಸೂರ ಸಾಕು. ಬಣ್ಣವು ಸಾಲುಸಾಲಾದ ಚುಕ್ಕಿಗಳಾಗಿ ಒಡೆದು ಕಂಡರೆ ಅದು ಯಂತ್ರದಲ್ಲಿ ಅಚ್ಚಾದ ಪ್ರತಿ. ಪಿಂಗಾಣಿಯ ತಳದಲ್ಲಿ ದೇಶದ ಹೆಸರು ಅಚ್ಚಾಗಿದ್ದರೆ ಅದೂ ಕಾಲದ ಸುಳಿವೇ: ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂಬ ಅಮೆರಿಕದ ಕಾನೂನು 1891ರಲ್ಲಿ ಜಾರಿಗೆ ಬಂದಿತಾದ್ದರಿಂದ, ಅಂಥ ಗುರುತಿರುವವು ಬಹುಮಟ್ಟಿಗೆ ಅದರ ಈಚಿನವು. ಪುಸ್ತಕಗಳಲ್ಲಿ ಮೊದಲ ಮುದ್ರಣವೇ ಎಂಬುದರ ಜೊತೆಗೆ ಹರಿಯದ ಹೊರಹೊದಿಕೆ ಇದೆಯೇ ಎಂದೂ ನೋಡಿ. ಬರಿಯ ಹಳತನಕ್ಕೆ ಬೆಲೆಯಿಲ್ಲ.

ಇನ್ನು ಬೆಲೆ. ಅಂತರ್ಜಾಲದಲ್ಲಿ ನಿಮ್ಮದೇ ಗಡಿಯಾರದಂಥ ಗಡಿಯಾರಕ್ಕೆ ಯಾರೋ ಭಾರಿ ಮೊತ್ತ ಹೇಳಿರುವುದನ್ನು ಕಂಡು ಹಿಗ್ಗಬೇಡಿ, ಏಕೆಂದರೆ ಅದು ಕೇಳಿದ ಬೆಲೆಯೇ ಹೊರತು ಸಿಕ್ಕಿದ ಬೆಲೆಯಲ್ಲ, ವರ್ಷಗಟ್ಟಲೆ ಮಾರಾಟವಾಗದೆ ಅಲ್ಲಿಯೇ ಕುಳಿತಿರಲೂಬಹುದು. ಈಬೇಯಂಥ ತಾಣಗಳಲ್ಲಿ ಮಾರಾಟವಾದವನ್ನಷ್ಟೇ ತೋರಿಸುವ ಸೌಲಭ್ಯವಿದೆ, ಹರಾಜು ಸಂಸ್ಥೆಗಳು ಹಳೆಯ ಹರಾಜುಗಳ ಫಲಿತಾಂಶವನ್ನು ಪ್ರಕಟಿಸುತ್ತವೆ. ಅದೇ ಮಾದರಿ, ಅದೇ ಸ್ಥಿತಿ, ಈಚಿನ ದಿನಾಂಕ, ಈ ಮೂರೂ ಹೊಂದುವ ನಾಲ್ಕೈದು ಮಾರಾಟಗಳನ್ನು ಹುಡುಕಿ ನಡುವಿನದನ್ನು ಹಿಡಿಯಿರಿ. ಒಂದು ವಸ್ತುವಿಗೆ ಕಾಲು ಗಂಟೆ ಸಾಕು. ಅಷ್ಟರಲ್ಲಿ ಸುಳಿವು ಸಿಗದಿದ್ದರೆ ಫೋಟೊ ತೆಗೆದು ‘ಸಂಶಯ’ದ ಪೆಟ್ಟಿಗೆಗೆ ಹಾಕಿ. ಆ ಪೆಟ್ಟಿಗೆ ಒಂದೇ ಇರಲಿ. ಎರಡನೆಯದು ಬೇಕಾಯಿತೆಂದರೆ ನೀವು ಪರಿಶೀಲಿಸುತ್ತಿಲ್ಲ, ಕೊಡುವುದನ್ನು ಮುಂದೂಡುತ್ತಿದ್ದೀರಿ ಎಂದೇ ನನ್ನ ಗುಮಾನಿ.

ಪ್ರಶ್ನೆ: ಬೆಲೆ ಕಟ್ಟಲು ಕರೆಸಿದವರು ಎಲ್ಲವನ್ನೂ ನೋಡಿ, ಇವಕ್ಕೆ ಹೆಚ್ಚೇನೂ ಬೆಲೆಯಿಲ್ಲ ಎಂದರು, ಆದರೆ ಒಂದು ಗೋಡೆ ಗಡಿಯಾರವನ್ನು ಮಾತ್ರ ಇವತ್ತೇ ನಗದು ಕೊಟ್ಟು ಒಯ್ಯುವುದಾಗಿ ಹೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಇವತ್ತು ಬೇಡ. ಅವರು ಪ್ರಾಮಾಣಿಕರೇ ಇರಬಹುದು, ಆದರೆ ಬೆಲೆ ಕಟ್ಟುವವರೂ ಕೊಳ್ಳುವವರೂ ಒಬ್ಬರೇ ಆದಾಗ ಕಡಿಮೆ ಹೇಳುವುದೇ ಅವರಿಗೆ ಲಾಭ. ಅದನ್ನು ಕೊಳ್ಳುವ ಉದ್ದೇಶವಿಲ್ಲದ ಇನ್ನೊಬ್ಬರಿಂದ, ಗಂಟೆಗಿಷ್ಟು ಅಥವಾ ವಸ್ತುವಿಗಿಷ್ಟು ಎಂದು ಶುಲ್ಕ ಕೊಟ್ಟು, ಲಿಖಿತ ಅಭಿಪ್ರಾಯ ಪಡೆಯಿರಿ. ಮೌಲ್ಯದ ಮೇಲೆ ಶೇಕಡಾವಾರು ಶುಲ್ಕ ಕೇಳುವವರನ್ನು ದೂರವಿಡಿ.

ಪ್ರಶ್ನೆ: ತಾಯಿಯ ಹಾರಕ್ಕೆ ಹಿಂದೆ ಬರೆಸಿಟ್ಟ ಮೌಲ್ಯಪತ್ರವಿದೆ. ಮಾರಲು ವಿಚಾರಿಸಿದರೆ ಅದರ ಅರ್ಧವನ್ನೂ ಯಾರೂ ಹೇಳುತ್ತಿಲ್ಲ. ಮೋಸವೇ?

ಉತ್ತರ: ಮೋಸವೇ ಆಗಿರಬೇಕಿಲ್ಲ. ಪತ್ರದ ಮೇಲ್ಭಾಗದಲ್ಲಿ ಅದನ್ನು ಯಾವ ಉದ್ದೇಶಕ್ಕಾಗಿ ಬರೆದದ್ದೆಂದು ಓದಿ. ವಿಮೆಗಾಗಿ ಬರೆದ ಮೌಲ್ಯವೆಂದರೆ ಹಾರ ಕಳೆದುಹೋದರೆ ಅಂಥದೇ ಹೊಸದನ್ನು ಅಂಗಡಿಯಿಂದ ಕೊಳ್ಳಲು ತಗಲುವ ಮೊತ್ತ. ಅದರಲ್ಲಿ ಮಜೂರಿ, ತೆರಿಗೆ, ವ್ಯಾಪಾರಿಯ ಲಾಭ ಎಲ್ಲವೂ ಸೇರಿರುತ್ತವೆ, ಮಾರುವವರಿಗೆ ಇವಾವುವೂ ದಕ್ಕುವುದಿಲ್ಲ. ಹರಾಜಿಗೆ ಕೊಡುವುದಾದರೆ ದಲ್ಲಾಳಿ ಪಾಲು, ಫೋಟೊ ಹಾಗೂ ವಿಮೆಯ ಖರ್ಚು, ಮಾರಾಟವಾಗದಿದ್ದರೂ ತೆರಬೇಕಾದ ಶುಲ್ಕ, ಇವುಗಳನ್ನು ಮೊದಲೇ ಬರಹದಲ್ಲಿ ಕೇಳಿ, ಇದಕ್ಕಿಂತ ಕಡಿಮೆಗೆ ಮಾರಕೂಡದು ಎಂಬ ಕನಿಷ್ಠ ಬೆಲೆಯನ್ನೂ ಕರಾರಿನಲ್ಲಿ ಸೇರಿಸಿ.