ಬಟನ್ ಇದ್ರೆ ಸಾಕಾ? ಮಳೆಗಾಲಕ್ಕೆ ಮುಂಚೆ ಟಯರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಮೇ ಮುಗೀತಾ ಬಂತು. ಮಳೆ ಹಿಡಿಯೋಕೆ ಮುಂಚೆ ಗಾಡಿ ಒಂದ್ಸಲ ನೋಡ್ಸೋಣ ಅಂತ ಕೊಡಗಲ್ಲಿ ಎಲ್ರಿಗೂ ಅನ್ಸೋ ಟೈಮು, ಹಾಗಾಗಿ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಟಯರ್ ಬಗ್ಗೆನೇ. ತುಂಬಾ ಖುಷಿ ಆಯ್ತು. ಗಾಡಿ ಎಷ್ಟೇ ದೊಡ್ಡದಿರ್ಲಿ, ರೋಡನ್ನ ಮುಟ್ಟೋದು ನಾಲ್ಕು ಅಂಗೈ ಅಗಲದ ರಬ್ಬರ್ ಮಾತ್ರ, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಮನೆಮಂದಿಯೆಲ್ಲ ಕೂತಿರೋದು ಅದ್ರ ಮೇಲೇನೇ.

ನಾಪೋಕ್ಲಿಂದ ಒಬ್ಬರು ಹಿರಿಯರು: ಸರ್, ನಮ್ಮ ಕಾರು 2017ರದ್ದು. ಮಕ್ಕಳೆಲ್ಲ ಬೆಂಗಳೂರಲ್ಲಿ, ನಾವಿಬ್ರೇ ಇರೋದು, ಆಗೊಮ್ಮೆ ಈಗೊಮ್ಮೆ ಮಡಿಕೇರಿಗೆ ಹೋಗಿ ಬರೋದು ಬಿಟ್ರೆ ಕಾರು ಶೆಡ್ಡಲ್ಲೇ. ಟಯರ್ ಬಟನ್ (ರೋಡಿಗೆ ತಾಗೋ ಕಡೆ ಇರೋ ರಬ್ಬರ್ ಉಬ್ಬುಗಳು) ಹೊಸದರ ಹಾಗೇ ಇದೆ, ಆದ್ರೂ ಅಂಗಡಿಯವರು ನಾಲ್ಕೂ ಚೇಂಜ್ ಮಾಡಿ ಅಂತಾರೆ. ವ್ಯಾಪಾರಕ್ಕೆ ಹೇಳ್ತಿದ್ದಾರಾ?

ಇಲ್ಲ ಸರ್, ನೀವು ಹೇಳಿದ್ದನ್ನ ನೋಡಿದ್ರೆ ಅವ್ರು ಸರಿಯಾಗೇ ಹೇಳಿದ್ದಾರೆ. ಟಯರ್ ಓಡಿ ಸವೆಯೋದು ಒಂದು, ನಿಂತಲ್ಲೇ ವಯಸ್ಸಾಗೋದು ಇನ್ನೊಂದು. ಗಾಳಿಲಿರೋ ಆಕ್ಸಿಜನ್, ಓಝೋನ್, ಬಿಸಿಲು ಇವೆಲ್ಲ ಸೇರಿ ರಬ್ಬರನ್ನ ನಿಧಾನಕ್ಕೆ ಗಟ್ಟಿ ಮಾಡ್ತಾ ಹೋಗುತ್ತೆ, ಬಟನ್ ಎಷ್ಟೇ ಆಳ ಇದ್ರೂ ಗಟ್ಟಿಯಾದ ರಬ್ಬರ್ ಒದ್ದೆ ಟಾರಲ್ಲಿ ಹಿಡಿಯೋದಿಲ್ಲ. ಇನ್ನೊಂದು ವಿಷ್ಯ ಏನಂದ್ರೆ, ಸೈಡಲ್ಲಿ ಸಣ್ಣ ಬಿರುಕು ಬರದ ಹಾಗೆ ತಡೆಯೋಕೆ ರಬ್ಬರೊಳಗೆ ಒಂಥರಾ ಮೇಣ, ಕೆಮಿಕಲ್ ಸೇರ್ಸಿರ್ತಾರೆ, ಟಯರ್ ಓಡಿ ಮಡಚಿ ಬಿಚ್ಚಿ ಆಗ್ತಾ ಇದ್ರೆ ಅದು ಮೇಲಕ್ಕೆ ಬರ್ತಾ ಇರುತ್ತೆ, ನಿಂತ ಗಾಡಿಲಿ ಅಷ್ಟಾಗಿ ಬರಲ್ಲ. ಹಾಗಾಗಿ ಕಮ್ಮಿ ಓಡಿದ ಕಾರಿನ ಟಯರೇ ಕೆಲವೊಮ್ಮೆ ಬೇಗ ಬಿರುಕು ಬಿಡುತ್ತೆ.

ನೀವೇ ಚೆಕ್ ಮಾಡ್ಬಹುದು. ಟಯರ್ ಸೈಡಲ್ಲಿ ಉದ್ದನೆ ಮೊಟ್ಟೆ ಆಕಾರದ ಗೆರೆ ಒಳಗೆ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 1417 ಅಂತಿದ್ರೆ 2017ರ 14ನೇ ವಾರ ತಯಾರಾಗಿದ್ದು. ಕೆಲವು ಟಯರಲ್ಲಿ ಇದು ಒಂದು ಸೈಡಲ್ಲಿ ಮಾತ್ರ ಇರುತ್ತೆ, ಹೊರಗೆ ಕಾಣಿಸ್ಲಿಲ್ಲ ಅಂದ್ರೆ ಒಳಗಡೆ ಟಾರ್ಚ್ ಹಾಕಿ ನೋಡಿ. 5 ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿಸಿ ಸರಿಯಾಗಿ ನೋಡಿಸ್ಬೇಕು, 10 ವರ್ಷ ಆದ ಟಯರನ್ನ ನೋಡೋಕೆ ಎಷ್ಟೇ ಚೆನ್ನಾಗಿದ್ರೂ ಇಟ್ಕೋಬಾರ್ದು ಅನ್ನೋದು ಟಯರ್ ಕಂಪನಿಗಳೇ ಹೇಳೋ ಮಾತು. ನಮ್ಮ ಘಾಟಿ ರೋಡು, ನಮ್ಮ ಮಳೆ ನೋಡಿ ನಾನಂತೂ ಅಷ್ಟು ದಿನ ಕಾಯಿ ಅಂತ ಯಾರಿಗೂ ಹೇಳಲ್ಲ, 6-7 ವರ್ಷಕ್ಕೆ ತೆಗೆಸ್ಬಿಡಿ ಅಂತೀನಿ. ಹೊಸದು ತಗೊಳ್ಳುವಾಗ್ಲೂ ಇದೇ ನಾಲ್ಕಂಕಿ ನೋಡಿ, ಐಎಸ್‌ಐ ಗುರುತು ಇದೆಯಾ ನೋಡಿ, ಆಮೇಲೆ ದುಡ್ಡು ಕೊಡಿ. ಹಾಕ್ಸಿದ ಮೇಲೆ ವಾರಕ್ಕೊಂದ್ಸಲ ಸಿದ್ದಾಪುರದ ಕಡೆಗೋ ವಿರಾಜಪೇಟೆ ಕಡೆಗೋ ಒಂದು ರೌಂಡ್ ಹೋಗಿ ಬನ್ನಿ, ಟಯರಿಗೂ ಒಳ್ಳೇದು ಬ್ಯಾಟರಿಗೂ ಒಳ್ಳೇದು.

ಪೆರಾಜೆಯಿಂದ ಒಬ್ಬ ಬೆಳೆಗಾರರು: ನಮ್ಮಲ್ಲಿ ಸ್ವಲ್ಪ ರಬ್ಬರ್ ಉಂಟು. ಶೀಟ್ ಮಾಡಿ ಕೊಡ್ತೇವೆ, ಅದು ಟಯರಿಗೆ ಹೋಗ್ತದೆ ಅಂತ ಗೊತ್ತು. ಆದ್ರೆ ಆ ಹಳದಿ ಶೀಟು ಕಪ್ಪು ಟಯರ್ ಆಗೋದು ಹೇಗೆ? ಮಗಳು ಕೇಳಿದ್ಳು, ಹೇಳ್ಲಿಕ್ಕೆ ಗೊತ್ತಾಗ್ಲಿಲ್ಲ.

ಇಂಥ ಪ್ರಶ್ನೆ ಬರ್ಲಿ ಅಂತ ಎಷ್ಟು ದಿನದಿಂದ ಕಾಯ್ತಿದ್ದೆ. ಮರದಿಂದ ಹಾಲು ತೆಗೆದು, ಆಸಿಡ್ ಹಾಕಿ ಹೆಪ್ಪು ಕಟ್ಟಿಸಿ, ರೋಲರಲ್ಲಿ ಒತ್ತಿ, ಹೊಗೆಮನೆಲಿ ಒಣಗ್ಸೋ ತನಕದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀವು ಆರೆಸ್ಸೆಸ್-4 (ರಿಬ್ಡ್ ಸ್ಮೋಕ್ಡ್ ಶೀಟ್, ಅಂದ್ರೆ ಹೊಗೆಲಿ ಒಣಗ್ಸಿದ ಗೆರೆ ಶೀಟು) ಅಂತ ಗ್ರೇಡ್ ಕೇಳಿರ್ತೀರಲ್ಲ, ನಮ್ಮ ದೇಶದ ಟಯರ್ ಫ್ಯಾಕ್ಟರಿಗಳು ಜಾಸ್ತಿ ತಗೊಳ್ಳೋ ಶೀಟು ಅದೇ.

ಫ್ಯಾಕ್ಟರಿಲಿ ಮೊದಲು ಶೀಟನ್ನ ಕತ್ತರಿಸಿ ದೊಡ್ಡ ಮಿಕ್ಸರಿಗೆ ಹಾಕ್ತಾರೆ, ಜೊತೆಗೆ ಪೆಟ್ರೋಲಿಯಂನಿಂದ ಮಾಡಿದ ಸಿಂಥೆಟಿಕ್ ರಬ್ಬರ್, ಗಂಧಕ, ಝಿಂಕ್ ಆಕ್ಸೈಡ್, ಎಣ್ಣೆ, ಮೇಣ, ಮತ್ತೆ ಕಾರ್ಬನ್ ಬ್ಲ್ಯಾಕ್ ಅನ್ನೋ ಮಸಿ ಪುಡಿ. ಕಪ್ಪು ಬಣ್ಣ ಬರೋದು ಈ ಮಸಿಯಿಂದ. ಬರೀ ಬಣ್ಣಕ್ಕೆ ಹಾಕೋದಲ್ಲ, ರಬ್ಬರಿಗೆ ಸವೆಯದ ಶಕ್ತಿ ಕೊಡೋದೇ ಅದು, ಬಿಸಿಲಿಂದ ಕಾಪಾಡೋದೂ ಅದೇ. ನೂರು ವರ್ಷಕ್ಕೂ ಹಿಂದಿನ ಕಾರುಗಳ ಫೋಟೋ ನೋಡಿ, ಟಯರ್ ಬೆಳ್ಳಗಿರುತ್ತೆ, ಅವು ಬೇಗ ಸವೆದು ಹೋಗ್ತಿದ್ವು.

ಈ ಮಿಶ್ರಣ ಒಂದೇ ಥರದ್ದಲ್ಲ, ರೋಡಿಗೆ ತಾಗೋ ಭಾಗಕ್ಕೆ ಒಂದು ಪಾಕ, ಸೈಡಿಗೆ ಇನ್ನೊಂದು, ಒಳಗೆ ಗಾಳಿ ಸೋರದ ಹಾಗೆ ಹಿಡಿಯೋ ಪದರಕ್ಕೆ ಬೇರೆಯೇ ರಬ್ಬರ್. ಆಮೇಲೆ ಪಾಲಿಯೆಸ್ಟರ್ ನೂಲಿಗೆ, ತೆಳು ಸ್ಟೀಲ್ ತಂತಿಗೆ ರಬ್ಬರ್ ಮೆತ್ತಿ ಹಾಳೆ ಮಾಡ್ತಾರೆ. ರಿಮ್ಮಿಗೆ ಕಚ್ಕೊಳ್ಳೋ ಅಂಚಿಗೆ ಸ್ಟೀಲ್ ತಂತಿ ಬಳೆ ಕೂರಿಸ್ತಾರೆ. ಇದನ್ನೆಲ್ಲ ಒಂದು ಡ್ರಮ್ ಮೇಲೆ ಪದರ ಪದರವಾಗಿ ಸುತ್ತಿದ್ರೆ ಬರೋದನ್ನ ಗ್ರೀನ್ ಟಯರ್ ಅಂತಾರೆ, ಹಸಿ ಟಯರ್. ಬಟನ್ ಇಲ್ಲ, ಹೆಸರಿಲ್ಲ, ನಂಬರಿಲ್ಲ. ಇದನ್ನ ಅಚ್ಚಿನೊಳಗೆ ಇಟ್ಟು, ಒಳಗಿಂದ ಬಿಸಿ ಉಗಿ ತುಂಬಿದ ಬಲೂನ್ ಥರದ್ದರಿಂದ ಒತ್ತಿ 150 ಡಿಗ್ರಿಗಿಂತ ಜಾಸ್ತಿ ಬಿಸೀಲಿ ಬೇಯಿಸ್ತಾರೆ. ಕಾರಿನ ಟಯರಿಗೆ ಸುಮಾರು 10-15 ನಿಮಿಷ, ಲಾರಿದಾದ್ರೆ ಇನ್ನೂ ಜಾಸ್ತಿ ಹೊತ್ತು. ಬಟನ್ನು, ಅಕ್ಷರ ಎಲ್ಲ ಮೂಡೋದು ಆಗ್ಲೇ. ಹೊಸ ಟಯರ್ ಮೇಲೆ ಸಣ್ಣ ಸಣ್ಣ ಕೂದಲು ಇರುತ್ತಲ್ಲ, ಮಗಳಿಗೆ ತೋರ್ಸಿ, ಅಚ್ಚಿಂದ ಗಾಳಿ ಹೊರಗೆ ಹೋಗೋಕೆ ಬಿಟ್ಟ ತೂತಿಗೆ ರಬ್ಬರ್ ನುಗ್ಗಿ ಆಗಿದ್ದು ಅದು.

ಬೇಯಿಸೋದ್ರಲ್ಲಿ ಇರೋದೇ ಮುಖ್ಯ ಕೆಲ್ಸ. ಬಿಸೀಲಿ ಗಂಧಕ ರಬ್ಬರಿನ ಎಳೆ ಎಳೆಗೂ ಗಂಟು ಹಾಕುತ್ತೆ. ಅದಿಲ್ದಿದ್ರೆ ರಬ್ಬರ್ ಸೆಖೆಗೆ ಅಂಟಂಟು, ಚಳಿಗೆ ಗಟ್ಟಿ. ಇದನ್ನ 1839ರಲ್ಲಿ ಕಂಡುಹಿಡಿದವರು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ (ಕಂಪನಿ ಅವ್ರದ್ದಲ್ಲ, ಅವ್ರು ತೀರಿಹೋಗಿ ಎಷ್ಟೋ ವರ್ಷದ ಮೇಲೆ ಬೇರೆಯವರು ಅವ್ರ ಹೆಸರಿಟ್ಟು ಶುರು ಮಾಡಿದ್ದು). ಗಾಳಿ ತುಂಬೋ ಟಯರನ್ನ ಬಳಕೆಗೆ ತಂದಿದ್ದು 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ. ಗಂಧಕ ಹಾಕೋ ಆ ಗಂಟು ಒಮ್ಮೆ ಬಿದ್ರೆ ಬಿಡ್ಸೋಕಾಗಲ್ಲ, ಅದಕ್ಕೇ ಹಳೇ ಟಯರನ್ನ ಪ್ಲಾಸ್ಟಿಕ್ ಥರ ಕರಗಿಸಿ ಮತ್ತೆ ಟಯರ್ ಮಾಡೋಕೂ ಆಗಲ್ಲ.

ಮಗಳಿಗೆ ಇನ್ನೊಂದು ಹೇಳಿ. ಕಾರಿನ ಟಯರಲ್ಲಿ ಸಿಂಥೆಟಿಕ್ ಜಾಸ್ತಿ, ಲಾರಿ ಬಸ್ಸಿನ ಟಯರಲ್ಲಿ ಮರದ ರಬ್ಬರ್ ಜಾಸ್ತಿ, ವಿಮಾನದ್ದರಲ್ಲಂತೂ ತುಂಬಾ ಜಾಸ್ತಿ, ಯಾಕಂದ್ರೆ ಭಾರ ಹೊತ್ತು ಓಡುವಾಗ ಮರದ ರಬ್ಬರ್ ಕಮ್ಮಿ ಬಿಸಿಯಾಗುತ್ತೆ, ಸುಲಭಕ್ಕೆ ಹರಿಯೋದೂ ಇಲ್ಲ. ಮಳೆಲಿ ಮರಕ್ಕೆ ಪ್ಲಾಸ್ಟಿಕ್ ಕಟ್ಟಿ ನೀವು ತೆಗೆದ ಹಾಲಿಗೆ ಸರಿಸಾಟಿ ಫ್ಯಾಕ್ಟರಿಲಿ ಇನ್ನೂ ಮಾಡೋಕಾಗಿಲ್ಲ.

ಸೋಮವಾರಪೇಟೆಯಿಂದ: ಅಣ್ಣ, ನಮ್ದು ಪಿಕಪ್. ಕಾಫಿ ಕುಯ್ಲಿನ ಟೈಮಲ್ಲಿ ತೋಟದಿಂದ ಲೋಡ್. ಕೆಸರಲ್ಲಿ ಗ್ರಿಪ್ ಸಿಗ್ಲಿ ಅಂತ ಹಿಂದಿನ ಟಯರಿಗೆ ಗಾಳಿ ಕಮ್ಮಿ ಮಾಡ್ತೀವಿ. ಆದ್ರೆ ಹಿಂದಿನ ಟಯರ್ ಎರಡೂ ಅಂಚು ಸವೆದು ಬೇಗ ಹೋಗ್ತಿದೆ. ಕಂಪನಿ ಚೇಂಜ್ ಮಾಡ್ಲಾ?

ಕಂಪನಿ ಚೇಂಜ್ ಮಾಡಿದ್ರೂ ಇದೇ ಕತೆ. ಎರಡೂ ಅಂಚು ಸವೆದು ಮಧ್ಯ ಉಳಿದಿದೆ ಅಂದ್ರೆ ಗಾಳಿ ಕಮ್ಮಿ, ಇಲ್ಲಾ ಲೋಡ್ ಜಾಸ್ತಿ, ನಿಮ್ಮ ಗಾಡಿಲಿ ಎರಡೂ ಇರ್ಬೇಕು. ಮಧ್ಯ ಸವೆದಿದ್ರೆ ಗಾಳಿ ಜಾಸ್ತಿ, ಒಂದೇ ಅಂಚು ಸವೆದಿದ್ರೆ ಅಲೈನ್‌ಮೆಂಟ್ (ಚಕ್ರ ನೇರ ಕೂತಿಲ್ಲ), ಅಲ್ಲಲ್ಲಿ ಗುಳಿ ಗುಳಿ ಬಿದ್ದಿದ್ರೆ ಶಾಕ್ ಅಬ್ಸಾರ್ಬರ್ ನೋಡಿ.

ತೋಟದೊಳಗೆ ನಿಧಾನಕ್ಕೆ ಹೋಗುವಾಗ ಸ್ವಲ್ಪ ಗಾಳಿ ಇಳ್ಸಿದ್ರೆ ಗ್ರಿಪ್ ಸಿಗೋದು ನಿಜ, ತಪ್ಪಿಲ್ಲ. ತೊಂದ್ರೆ ಆಗೋದು ಅದೇ ಗಾಳೀಲಿ ಟಾರ್ ರೋಡಿಗೆ ಬಂದು ಲೋಡ್ ಹಾಕ್ಕೊಂಡು ಕುಶಾಲನಗರದ ತನಕ ಓಡ್ಸಿದಾಗ. ಗಾಳಿ ಕಮ್ಮಿ ಇದ್ರೆ ಟಯರ್ ಸೈಡು ಪ್ರತಿ ಸುತ್ತಿಗೂ ಜಾಸ್ತಿ ಮಡಚುತ್ತೆ, ಮಡಚಿದಷ್ಟೂ ಒಳಗೆ ಬಿಸಿ, ಆ ಬಿಸೀಲಿ ಪದರಗಳು ಒಂದಕ್ಕೊಂದು ಬಿಟ್ಕೊಳ್ಳುತ್ತೆ, ಹೊರಗಿಂದ ಏನೂ ಕಾಣಿಸಲ್ಲ, ಒಂದು ದಿನ ಲೋಡಲ್ಲಿ ಇಳಿಯುವಾಗ ಢಂ ಅಂತ ಹೋಗುತ್ತೆ. ಇಳಿಜಾರಲ್ಲಿ ಸುಮ್ನೆ ಬ್ರೇಕ್ ತುಳೀತಾ ಬಂದ್ರೆ ಡ್ರಮ್ಮಿನ ಬಿಸಿನೂ ರಿಮ್ ಮೂಲಕ ಟಯರಿಗೇ ಬರುತ್ತೆ, ಅದಕ್ಕೇ ಇಳಿಯುವಾಗ್ಲೂ ಸಣ್ಣ ಗೇರಲ್ಲಿ ಬನ್ನಿ ಅನ್ನೋದು.

ಡ್ರೈವರ್ ಡೋರ್ ತೆಗೆದ್ರೆ ಪಕ್ಕದಲ್ಲಿ ಸ್ಟಿಕರ್ ಇರುತ್ತೆ, ಖಾಲಿ ಇದ್ದಾಗ ಎಷ್ಟು ಲೋಡ್ ಇದ್ದಾಗ ಎಷ್ಟು ಅಂತ ಬೇರೆ ಬೇರೆ ಬರೆದಿರುತ್ತೆ. ಟಯರ್ ಮೇಲೆ ಮ್ಯಾಕ್ಸ್ ಅಂತ ಬರೆದಿರೋದು ಟಯರಿನ ಗರಿಷ್ಠ ಮಿತಿ, ನಿಮ್ಮ ಗಾಡಿಗೆ ಬೇಕಾದ ಗಾಳಿ ಅಲ್ಲ. ಬೆಳಿಗ್ಗೆ ಟಯರ್ ತಣ್ಣಗಿರುವಾಗ ನೋಡಿ. ಓಡಿ ಬಿಸಿಯಾದ್ಮೇಲೆ ಕೆಲವು ಪಿಎಸ್‌ಐ ಜಾಸ್ತಿ ತೋರಿಸೋದು ಸಹಜ, ಅದನ್ನ ನೋಡಿ ಗಾಳಿ ಬಿಡ್ಬೇಡಿ. ಒಂದು ಸಣ್ಣ ಪಂಪು, ಒಂದು ಗೇಜು ಗಾಡಿಲೇ ಇಟ್ಕೊಳ್ಳಿ, ತೋಟದ ಗೇಟ್ ದಾಟೋ ಮುಂಚೆ ಗಾಳಿ ತುಂಬಿ ಹೊರಡಿ, ಬೇಕಾದ್ರೆ ಕೆಸರಿಗೆ ಚೈನ್ ಹಾಕ್ಕೊಳ್ಳಿ. ಲೋಡ್ ಇಂಡೆಕ್ಸ್ ಕೂಡ ನೋಡಿ, ಸೈಜಿನ ಪಕ್ಕದ ನಂಬರು ಅದು. ಉದಾಹರಣೆಗೆ ಕಾರ್ ಟಯರಲ್ಲಿ 91 ಅಂತಿದ್ರೆ ಒಂದು ಟಯರ್ ಹೊರೋದು 615 ಕೆಜಿ ಅಷ್ಟೇ. ರೇಟ್ ಕಮ್ಮಿ ಅಂತ ಪಿಕಪ್ಪಿಗೆ ಕಾರಿನ ಟಯರ್ ಹಾಕಿಸೋರನ್ನ ನೋಡಿದ್ರೆ ನಂಗೆ ಭಯ ಆಗುತ್ತೆ, ಹಿಂದೆ ಕೂಲಿಯವರು ಕೂತಿರ್ತಾರೆ ಅನ್ನೋದನ್ನಾದ್ರೂ ಯೋಚಿಸ್ಬೇಕು.

ಗೋಣಿಕೊಪ್ಪದಿಂದ: ಈಗ ಎರಡೇ ಟಯರ್ ತಗೊಳ್ಳೋಕೆ ದುಡ್ಡಿರೋದು. ಮುಂದೆ ಹಾಕ್ಸೋದಾ, ಹಿಂದೆನಾ?

ಹಿಂದೆ. ಅಂಗಡಿಯವರು ಮುಂದೆ ಅಂತಾರೆ, ಇಂಜಿನ್ ಮುಂದಿದೆ ಸ್ಟೀರಿಂಗ್ ಮುಂದಿದೆ ಅಂತ ಕಾರಣನೂ ಕೊಡ್ತಾರೆ, ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ಮಾಕುಟ್ಟ ಘಾಟಿಲಿ ಜುಲೈ ಮಳೆಲಿ ಇಳೀತಾ ಇದ್ದೀರಿ ಅಂತ ಇಟ್ಕೊಳ್ಳಿ. ಬ್ರೇಕ್ ಹಿಡಿದ ತಕ್ಷಣ ಗಾಡಿ ಭಾರ ಮುಂದಕ್ಕೆ ಬರುತ್ತೆ, ಹಿಂದೆ ಹಗುರ ಆಗುತ್ತೆ. ಮುಂದಿನ ಟಯರ್ ಜಾರಿದ್ರೆ ಸ್ಟೀರಿಂಗಲ್ಲೇ ಗೊತ್ತಾಗುತ್ತೆ, ಸ್ಪೀಡ್ ಇಳಿದ್ರೆ ಮತ್ತೆ ಹಿಡ್ಕೊಳ್ಳುತ್ತೆ. ಹಿಂದಿನದು ಜಾರಿದ್ರೆ ಗಾಡಿನೇ ತಿರುಗಿ ಬಿಡುತ್ತೆ, ಅದನ್ನ ಸರಿ ಮಾಡೋಕೆ ನಮ್ಮಂಥ ಸಾಮಾನ್ಯ ಡ್ರೈವರ್‌ಗಳ ಕೈಲಿ ಆಗಲ್ಲ.

ಉಳಿದ ಎರಡು ಹಳೇ ಟಯರಲ್ಲಿ ಬಟನ್ ಎಷ್ಟಿದೆ ಅದನ್ನೂ ನೋಡಿ. ಕಾನೂನಲ್ಲಿ ಕಾರಿಗೆ 1.6 ಮಿಲಿಮೀಟರ್, ಟೂವೀಲರಿಗೆ 0.8 ಇದ್ರೆ ಆಯ್ತು, ಗೀರಿನ ಒಳಗೆ ಅಡ್ಡಕ್ಕೆ ಸಣ್ಣ ಉಬ್ಬು ಇರುತ್ತಲ್ಲ ಅದ್ರ ಮಟ್ಟಕ್ಕೆ ಬಟನ್ ಸವೆದು ಬಂತು ಅಂದ್ರೆ ಮುಗೀತು ಅಂತ ಲೆಕ್ಕ. ಆದ್ರೆ ಗೀರು ಇರೋದೇ ನೀರು ಹೊರಗೆ ತಳ್ಳೋಕೆ, ಅದು ಆಗ್ಲಿಲ್ಲ ಅಂದ್ರೆ ಟಯರ್ ನೀರಿನ ಮೇಲೆ ತೇಲುತ್ತೆ, ಆಗ ಬ್ರೇಕೂ ಇಲ್ಲ ಸ್ಟೀರಿಂಗೂ ಇಲ್ಲ. ಮಳೆಗಾಲ ಶುರುವಾಗುವಾಗ 3 ಮಿಲಿಮೀಟರಿಗಿಂತ ಕಮ್ಮಿ ಇದ್ರೆ ಹೇಗಾದ್ರೂ ಮಾಡಿ ನಾಲ್ಕೂ ಹಾಕ್ಸಿ ಅಂತೀನಿ.

ವಿರಾಜಪೇಟೆಯಿಂದ: ನೈಟ್ರೋಜನ್ ಹಾಕ್ಸಿದ್ರೆ ಪ್ರಯೋಜನ ಇದೆಯಾ?

ಮಾಮೂಲಿ ಗಾಳಿಲೇ 78% ನೈಟ್ರೋಜನ್ ಇದೆ. ಪೂರ್ತಿ ನೈಟ್ರೋಜನ್ ಆದ್ರೆ ಸ್ವಲ್ಪ ನಿಧಾನಕ್ಕೆ ಸೋರುತ್ತೆ, ತೇವ ಇರಲ್ಲ, ಅಷ್ಟೇ. ಫ್ರೀ ಕೊಟ್ರೆ ಹಾಕ್ಸಿ. ಅದನ್ನ ಹಾಕ್ಸಿದೀನಿ ಅಂತ ತಿಂಗಳುಗಟ್ಟಲೆ ಚೆಕ್ ಮಾಡದೆ ಇರೋದಕ್ಕಿಂತ, ಮಾಮೂಲಿ ಗಾಳಿ ಹಾಕಿ ಎರಡು ವಾರಕ್ಕೊಮ್ಮೆ ನೋಡೋದು ಎಷ್ಟೋ ಮೇಲು. ಕಮ್ಮಿ ಆದಾಗ ಮಾಮೂಲಿ ಗಾಳಿ ಸೇರ್ಸಿದ್ರೂ ಏನೂ ಆಗಲ್ಲ.

ಸುಂಟಿಕೊಪ್ಪದಿಂದ ಒಬ್ಬರು ಅಕ್ಕ: ಮಣ್ಣು ಕುಸಿದ ಜಾಗದಲ್ಲಿ ಸೈಡ್ ಕೊಡುವಾಗ ಕಲ್ಲು ತಾಗಿ ಟಯರ್ ಸೈಡಲ್ಲಿ ಲಿಂಬೆಹಣ್ಣಿನಷ್ಟು ಉಬ್ಬು ಬಂದಿದೆ, ಗಾಳಿ ಹೋಗ್ತಿಲ್ಲ. ಪಂಚರ್ ಅಂಗಡಿಲಿ ಪ್ಯಾಚ್ ಹಾಕ್ತೀನಿ ಅಂದ್ರು. ಹಾಕ್ಸಬಹುದಾ?

ಬೇಡ ಅಕ್ಕ, ದಯವಿಟ್ಟು ಬೇಡ. ರೋಡಿಗೆ ತಾಗೋ ಮಧ್ಯಭಾಗಕ್ಕೆ ಮೊಳೆ ಚುಚ್ಚಿದ್ರೆ ರಿಪೇರಿ ಮಾಡ್ಬಹುದು, ಅಲ್ಲಿ ಕೆಳಗೆ ಸ್ಟೀಲ್ ಪದರ ಇದೆ. ಅದೂ ಹೊರಗಿಂದ ಸ್ಟ್ರಿಪ್ ತುರುಕೋದಕ್ಕಿಂತ ಟಯರ್ ಬಿಚ್ಚಿ ಒಳಗಿಂದ ಮಶ್ರೂಮ್ ಪ್ಯಾಚ್ (ಅಣಬೆ ಆಕಾರದ ಪ್ಯಾಚ್) ಹಾಕ್ಸಿದ್ರೆ ಒಳ್ಳೇದು. ಸೈಡಲ್ಲಿ ಹಾಗಲ್ಲ, ಅಲ್ಲಿ ಭಾರ ಹೊರೋದು ನೂಲಿನ ಪದರ, ಉಬ್ಬು ಬಂದಿದೆ ಅಂದ್ರೆ ಒಳಗೆ ಆ ನೂಲೇ ಕಡಿದಿದೆ, ಈಗ ಗಾಳಿ ಹಿಡ್ಕೊಂಡಿರೋದು ಬರೀ ರಬ್ಬರ್. ಯಾವ ಪ್ಯಾಚಿಗೂ ಆ ನೂಲು ಜೋಡ್ಸೋಕಾಗಲ್ಲ. ಇವತ್ತೇ ಬಿಚ್ಚಿಸಿ ಸ್ಟೆಪ್ನಿ ಹಾಕ್ಸಿ, ಹಾಕೋಕೆ ಮುಂಚೆ ಸ್ಟೆಪ್ನಿಲಿ ಗಾಳಿ ಎಷ್ಟಿದೆ, ಅದ್ರ ಮೇಲಿನ ನಾಲ್ಕಂಕಿ ಏನಿದೆ ಅಂತ ನೋಡಿ, ಎಷ್ಟೋ ಗಾಡಿಲಿ ಅದು ಶೋರೂಮಿಂದ ಬಂದ ದಿನದಿಂದ ಮುಟ್ಟದೇ ಇರುತ್ತೆ. ಉಬ್ಬು ಬಂದ ಟಯರನ್ನ ಇರ್ಲಿ ಅಂತ ಡಿಕ್ಕಿಲಿ ಸ್ಟೆಪ್ನಿ ಮಾಡಿ ಇಡೋದೂ ಬೇಡ, ಬೇರೆಯವ್ರಿಗೆ ಮಾರೋದೂ ಬೇಡ, ಸೈಡನ್ನ ಕೊಯ್ದು ಗುಜರಿಗೆ ಕೊಡಿ.