ಫ್ಯಾಂಟಸಿ ಬೇಸ್‌ಬಾಲ್ ಹರಾಜಿನಲ್ಲಿ ಮೈನರ್ ಲೀಗ್ ಹುಡುಗರಿಗೆ ದುಡ್ಡು ಎತ್ತಿಡಬೇಕಾ?

ಬೇಡ. ಫ್ಯಾಂಟಸಿ ಬೇಸ್‌ಬಾಲ್ ಅಂದರೆ ನಿಜವಾದ ಆಟಗಾರರನ್ನು ಹರಾಜಿನಲ್ಲಿ ಕೊಂಡು ಕಾಗದದ ಮೇಲೆ ಟೀಮ್ ಕಟ್ಟಿ, ಅವರ ನಿಜವಾದ ಆಟದ ಅಂಕಿಗಳಿಂದ ಪಾಯಿಂಟ್ ಗಳಿಸೋ ಆಟ. ಕೀಪರ್ ಲೀಗ್ (ಆಟಗಾರರನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳಬಹುದಾದ ಲೀಗ್) ಹರಾಜಿನ 260 ಡಾಲರ್‌ನಲ್ಲಿ 80 ಡಾಲರ್ ಮೈನರ್ ಲೀಗ್ ಹುಡುಗರಿಗೆ, ಅಂದರೆ ಮೇಜರ್ ಲೀಗ್‌ಗೆ ಇನ್ನೂ ಬರದ ಕೆಳಹಂತದ ಆಟಗಾರರಿಗೆ, ಎತ್ತಿಟ್ಟು, ಉಳಿದದ್ದನ್ನು ಅದರ ಸುತ್ತ ಹೇಗೆ ಹೊಂದಿಸೋದು ಅಂತ ಕೇಳಿದ್ದೀರಿ. ಹೆಚ್ಚು ಕಡಿಮೆ ಇದೇ ಪ್ಲಾನ್ ಹಿಡಿದುಕೊಂಡು ನಾನು 2019ರ ಮಾರ್ಚ್‌ನಲ್ಲಿ ಹರಾಜಿಗೆ ಕೂತಿದ್ದೆ.

ನಮ್ಮದು ನ್ಯೂಜೆರ್ಸಿಯ ಆಫೀಸ್ ಲೀಗ್. ಹನ್ನೆರಡು ಟೀಮ್, ಒಂದೊಂದರಲ್ಲಿ 23 ಆಟಗಾರರು. ಈ ವರ್ಷ ಕೊಂಡವನನ್ನು ಮುಂದಿನ ವರ್ಷ 5 ಡಾಲರ್ ಜಾಸ್ತಿ ಕೊಟ್ಟು ಇಟ್ಟುಕೊಳ್ಳಬಹುದು. ಆ ವರ್ಷ ಎಲ್ಲರ ಬಾಯಲ್ಲೂ ಒಂದೇ ಹೆಸರು: ಟೊರಾಂಟೊದ ವ್ಲಾಡಿಮಿರ್ ಗೆರೆರೋ ಜೂನಿಯರ್. ಅಪ್ಪ ಹಿಂದಿನ ವರ್ಷವಷ್ಟೇ ಹಾಲ್ ಆಫ್ ಫೇಮ್ ಸೇರಿದ್ದರು. ಮಗ ಅದೇ ವರ್ಷ, ಬರೀ 19ನೇ ವಯಸ್ಸಿಗೆ, ಡಬಲ್-ಎ ಅನ್ನೋ ಮೈನರ್ ಲೀಗ್ ಹಂತದಲ್ಲಿ .402 ಸರಾಸರಿಯಲ್ಲಿ (ಸಾವಿರ ಬಾರಿ ಬ್ಯಾಟ್ ಹಿಡಿದರೆ 402 ಹಿಟ್ ಅನ್ನೋ ಲೆಕ್ಕ) ಹೊಡೆದಿದ್ದ. ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ.

ಹರಾಜಿನಲ್ಲಿ 20 ಡಾಲರ್ ದಾಟುತ್ತಿದ್ದಂತೆ ಬಹಳ ಜನ ಸುಮ್ಮನಾದರು. ಉಳಿದದ್ದು ನಾನು, ಎದುರಿಗೆ ಕೂತಿದ್ದ ಒಬ್ಬ ಸಹೋದ್ಯೋಗಿ. ಅವನು 28 ಅಂದ. ನಾನು 29 ಅಂದೆ. ಅವನು ಪೆನ್ನಿಗೆ ಕ್ಯಾಪ್ ಹಾಕಿ, 'ನಿಂಗೇ ಇರಲಿ' ಅನ್ನೋ ಹಾಗೆ ಕೈ ಆಡಿಸಿದ. ಹುಡುಗನಿಗೆ ಪಕ್ಕೆಯ ಸ್ನಾಯು ನೋವಾಗಿ ವಾರಗಟ್ಟಲೆ ಆಡೋದಿಲ್ಲ ಅಂತ ಆಗಲೇ ಸುದ್ದಿ ಬಂದಿತ್ತು. ನಾನೂ ಓದಿದ್ದೆ. ಓದಿಯೂ 29 ಅಂದೆ.

ಅವನು ಮೇಲಿನ ಟೀಮಿಗೆ ಬಂದಿದ್ದು ಏಪ್ರಿಲ್ 26ಕ್ಕೆ. ಸೀಸನ್ ಮುಗಿದಾಗ ಸರಾಸರಿ .272, ಹೋಮ್ ರನ್ (ಚೆಂಡನ್ನು ಬೇಲಿಯಾಚೆ ಹೊಡೆಯೋದು, ಕ್ರಿಕೆಟ್‌ನ ಸಿಕ್ಸರ್ ಥರ) 15. ಇಪ್ಪತ್ತರ ಹುಡುಗನಿಗೆ ಅದು ಚೆನ್ನಾಗೇ ಇದೆ, 29 ಡಾಲರ್‌ಗೆ ಮಾತ್ರ ಅಲ್ಲ. ಜುಲೈನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಹೋಮ್ ರನ್ ಡರ್ಬಿಯಲ್ಲಿ (ಹೋಮ್ ರನ್ ಹೊಡೆಯೋದೇ ಆಟವಾದ ಪ್ರದರ್ಶನ ಸ್ಪರ್ಧೆ) ಒಂದೇ ರಾತ್ರಿ 91 ಹೊಡೆದ. ಆಫೀಸಿನಲ್ಲಿ ಎಲ್ಲರೂ ಬಂದು ನನ್ನ ಬೆನ್ನು ತಟ್ಟಿದರು. ಡರ್ಬಿಯ ಹೋಮ್ ರನ್‌ಗೆ ಫ್ಯಾಂಟಸಿಯಲ್ಲಿ ಪಾಯಿಂಟ್ ಇಲ್ಲ, ಅಲ್ವಾ! ಫೈನಲ್‌ನಲ್ಲಿ ಅವನನ್ನು 23-22ರಲ್ಲಿ ಸೋಲಿಸಿದ ಪೀಟ್ ಅಲಾನ್ಸೊ ನಮ್ಮ ಲೀಗ್‌ನಲ್ಲಿ 6 ಡಾಲರ್‌ಗೆ ಹೋಗಿದ್ದ. ಅವನೂ ಹೊಸಬನೇ. ಆದರೆ ಮೆಟ್ಸ್ ಟೀಮಿನಲ್ಲಿ ಮೊದಲ ದಿನದಿಂದ ಫಸ್ಟ್ ಬೇಸ್‌ನ ಜಾಗ ಅವನದಾಗಿತ್ತು. ಆ ವರ್ಷ 53 ಹೋಮ್ ರನ್ ಹೊಡೆದ, ಹೊಸಬರಲ್ಲಿ ದಾಖಲೆ.

ಈಗ ನಾನು ಕೆಟ್ಟಿದ್ದು ಎಲ್ಲಿ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಹುಡುಗನ ಆಟ ಅಳೆಯೋದರಲ್ಲಿ ನಾನು ತಪ್ಪಿರಲಿಲ್ಲ. ಮುಂದೆ ಅವನು ಸ್ಟಾರ್ ಆದ. ತಪ್ಪಿದ್ದು ಬೆಲೆಯಲ್ಲಿ. 29ಕ್ಕೆ ಕೊಂಡರೆ ಮುಂದಿನ ವರ್ಷ ಇಟ್ಟುಕೊಳ್ಳೋಕೆ 34, ಆಮೇಲೆ 39. ನಮ್ಮ ಹರಾಜಿನಲ್ಲಿ 34ಕ್ಕೆ ವರ್ಷ ವರ್ಷ 30 ಹೋಮ್ ರನ್ ಹೊಡೆದು ತೋರಿಸಿದ ಗಟ್ಟಿ ಆಟಗಾರನೇ ಸಿಗುತ್ತಾನೆ. ಅಂದರೆ ಹುಡುಗ ನಾನು ಕನಸು ಕಂಡಷ್ಟು ಚೆನ್ನಾಗಿ ಆಡಿದರೂ ನನಗೆ ಲಾಭ ಸೊನ್ನೆ. ಆಡದಿದ್ದರೆ ನಷ್ಟ ಪೂರ್ತಿ ನನ್ನದು.

ಕೀಪರ್ ಲೀಗ್‌ನಲ್ಲಿ ದುಡ್ಡು ಹುಟ್ಟೋದು ಅಗ್ಗದ ಕೀಪರ್‌ಗಳಿಂದ. ಲೆಕ್ಕ ನೋಡಿ. ಹನ್ನೆರಡು ಟೀಮಿಂದ ಒಟ್ಟು 3120 ಡಾಲರ್. 1000 ಡಾಲರ್ ಬೆಲೆಬಾಳುವ ಆಟಗಾರರನ್ನು ಎಲ್ಲರೂ ಸೇರಿ 600ಕ್ಕೆ ಇಟ್ಟುಕೊಂಡಿದ್ದಾರೆ ಅಂದುಕೊಳ್ಳಿ. ಹರಾಜಿಗೆ ಉಳಿದ ಆಟಗಾರರ ಬೆಲೆ 2120, ಜೇಬಿನಲ್ಲಿರೋ ದುಡ್ಡು 2520. ಹಾಗಾಗಿ 30 ಡಾಲರ್ ಆಟಗಾರ 36ರ ಹತ್ತಿರ ಹೋಗುತ್ತಾನೆ. ಇಷ್ಟು ದುಬಾರಿ ಸಂತೆಯಲ್ಲಿ 5 ಡಾಲರ್ ಕೀಪರ್ ಇರುವವನೇ ರಾಜ. ಮೈನರ್ ಲೀಗ್ ಹುಡುಗನ ಅಸಲಿ ಬೆಲೆ ಅವನು ಅಗ್ಗ ಅನ್ನೋದರಲ್ಲೇ ಇದೆ. ಹನ್ನೆರಡು ಜನ ಕೂಗೋ ಹರಾಜಿನಲ್ಲಿ ಹೆಸರಾದ ಹುಡುಗ ಅಗ್ಗಕ್ಕೆ ಸಿಗೋದಿಲ್ಲ.

ನನ್ನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಠಕ್ಕೆ ಬಿದ್ದು 2020ರಲ್ಲಿ 34 ಕೊಟ್ಟು ಇಟ್ಟುಕೊಂಡೆ. ಕೋವಿಡ್‌ನಿಂದ 60 ಪಂದ್ಯಕ್ಕೆ ಇಳಿದ ಸೀಸನ್, 9 ಹೋಮ್ ರನ್. 39 ಕೊಡೋಕೆ ಮನಸ್ಸಾಗದೆ ಬಿಟ್ಟೆ. 2021ರಲ್ಲಿ ಅದೇ ಪೆನ್ನಿನ ಮಹಾಶಯ ಅವನನ್ನು 19ಕ್ಕೆ ಎತ್ತಿಕೊಂಡ. ಆ ವರ್ಷ 48 ಹೋಮ್ ರನ್, ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಮತದಲ್ಲಿ ಶೋಹೆ ಒಹ್ತಾನಿ ನಂತರ ಎರಡನೇ ಸ್ಥಾನ.

ಅದಕ್ಕೇ ಈಗ ನಾನು ಜನಕ್ಕೆ ಬೇಜಾರಾದ ಹುಡುಗರನ್ನು ಕೊಳ್ಳುತ್ತೇನೆ. ಲೂಕಸ್ ಜಿಯೊಲಿಟೊ ಒಂದು ಕಾಲದಲ್ಲಿ ಮೈನರ್ ಲೀಗ್‌ನ ಅತಿ ದೊಡ್ಡ ಪಿಚಿಂಗ್ ಹೆಸರು. 2018ರಲ್ಲಿ ಅವನ ಇಆರ್‌ಎ (ಚೆಂಡೆಸೆಯುವ ಪಿಚರ್ ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಡೋ ರನ್ ಸರಾಸರಿ, ಕಡಿಮೆ ಇದ್ದಷ್ಟೂ ಒಳ್ಳೆಯದು) 6.13. 2019ರಲ್ಲಿ 14 ಗೆಲುವು, ಇಆರ್‌ಎ 3.41, 228 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್). ಮೈಕ್ ಟ್ರೌಟ್ ಕೂಡ 2011ರಲ್ಲಿ ಮೊದಲು ಬಂದಾಗ .220 ಹೊಡೆದವನೇ. ಮುಂದಿನ ವರ್ಷ .326, ಜೊತೆಗೆ 49 ಬೇಸ್ ಕಳವು (ಪಿಚರ್ ಕಣ್ತಪ್ಪಿಸಿ ಮುಂದಿನ ಬೇಸ್‌ಗೆ ಓಡೋದು). ಎಲ್ಲರೂ ಹೀಗೆ ಎದ್ದು ನಿಲ್ಲೋದಿಲ್ಲ. 2021ರಲ್ಲಿ .181 ಹೊಡೆದ ಜ್ಯಾರೆಡ್ ಕೆಲೆನಿಕ್‌ನನ್ನೂ ಆಮೇಲೆ ನಾನು ಕೊಂಡೆ, ಏನೂ ಗಿಟ್ಟಲಿಲ್ಲ. ಆದರೆ ಹೋಗಿದ್ದು 3 ಡಾಲರ್.

ಇನ್ನೊಂದು ವಿಷಯ. ನಿಮ್ಮ ಹುಡುಗ ಯಾವಾಗ ಮೇಲೆ ಬರುತ್ತಾನೆ ಅನ್ನೋದು ನಿಮ್ಮ ಕೈಯಲ್ಲೂ ಇಲ್ಲ, ಅವನ ಕೈಯಲ್ಲೂ ಇಲ್ಲ. ಮೇಜರ್ ಲೀಗ್‌ನಲ್ಲಿ 172 ದಿನ ಸೇರಿದರೆ ಒಂದು ವರ್ಷದ ಸರ್ವಿಸ್; ಅಂಥ ವರ್ಷಗಳು ಇಂತಿಷ್ಟು ತುಂಬಿದ ಮೇಲೆ ಆಟಗಾರ ಬೇರೆ ಟೀಮಿಗೆ ಹೋಗಲು ಸ್ವತಂತ್ರ. 2015ರಲ್ಲಿ ಶಿಕಾಗೊದ ಕಬ್ಸ್ ಟೀಮ್ ಕ್ರಿಸ್ ಬ್ರಯಂಟ್‌ನನ್ನು ಏಪ್ರಿಲ್ 17ರವರೆಗೆ ಕೆಳಗೇ ಕೂರಿಸಿತು. ಅವನಿಗೆ 171 ದಿನ ಆಯಿತು, ಟೀಮಿಗೆ ಅವನ ಮೇಲೆ ಇನ್ನೊಂದು ವರ್ಷದ ಹಿಡಿತ ಸಿಕ್ಕಿತು. ಮೇಲೆ ಬಂದ ಮೇಲೂ ಗ್ಯಾರಂಟಿ ಇಲ್ಲ: 2024ರಲ್ಲಿ ಮೈನರ್ ಲೀಗ್‌ನ ನಂಬರ್ ಒನ್ ಹುಡುಗ ಅನ್ನಿಸಿಕೊಂಡಿದ್ದ ಜಾಕ್ಸನ್ ಹಾಲಿಡೇ 34 ಬಾರಿಗೆ 2 ಹಿಟ್ ಹೊಡೆದು, ಏಪ್ರಿಲ್ ಮುಗಿಯೋದರೊಳಗೆ ವಾಪಸ್ ಹೋದ.

ಆ 80 ಡಾಲರ್‌ನಲ್ಲಿ ದಿನಾ ಆಡುವ ಇಬ್ಬರು ಗಟ್ಟಿ ಬ್ಯಾಟರ್‌ಗಳನ್ನು ತಗೊಳ್ಳಿ. ಹುಡುಗರ ಹೆಸರನ್ನು ಹರಾಜಿನ ಶುರುವಿನಲ್ಲೇ ನೀವೇ ಎತ್ತಿ, ಬೇರೆಯವರ ಜೇಬು ಕರಗಲಿ. ನಿಮಗೆ ಬೇಕಾದವರನ್ನು ಹರಾಜಿನ ನಂತರದ ರಿಸರ್ವ್ ಸುತ್ತಿನಲ್ಲಿ (ದುಡ್ಡಿಲ್ಲದೆ ಉಳಿದವರನ್ನು ಆರಿಸೋ ಸುತ್ತು) ಆರಿಸಿಕೊಳ್ಳಿ. 2019ರಲ್ಲಿ ನಮ್ಮಲ್ಲೊಬ್ಬ ಯೊರ್ದಾನ್ ಆಲ್ವರೇಝ್‌ನನ್ನು ಹಾಗೇ ಪುಕ್ಕಟೆ ತಗೊಂಡಿದ್ದ. ಅವನು ಜೂನ್‌ನಲ್ಲಿ ಬಂದು 87 ಪಂದ್ಯದಲ್ಲಿ 27 ಹೋಮ್ ರನ್ ಹೊಡೆದ. ಜುಲೈ ಹೊತ್ತಿಗೆ ನಿಮ್ಮ ಟೀಮ್ ಸೋತು ಸುಣ್ಣವಾಗಿದ್ದರೆ, ದುಬಾರಿ ಸ್ಟಾರ್‌ನನ್ನು ಗೆಲ್ಲೋ ಆಸೆ ಇರುವವನಿಗೆ ಕೊಟ್ಟು ಅವನ 5 ಡಾಲರ್ ಹುಡುಗನನ್ನು ಕೇಳಿ. ಆಗ ಕೊಡುತ್ತಾರೆ.

ನಿಮ್ಮಲ್ಲಿ ರಿಸರ್ವ್ ಸುತ್ತೇ ಇಲ್ಲ, ಅಥವಾ ಕೀಪರ್ ಬೆಲೆ ಏರೋದೇ ಇಲ್ಲ ಅಂದರೆ ಲೆಕ್ಕ ಬೇರೆ ಆಗುತ್ತೆ. ಕಾಮೆಂಟ್‌ನಲ್ಲಿ ನಿಯಮ ಹಾಕಿ, ನೋಡೋಣ.